ಅಪ್ಪಯ್ಯನ ದನಿ ಇದ್ದ ಡಬ್ಬಿ

ಕಳೆದ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಶಿರಸಿ ಹತ್ತಿರದ ನಮ್ಮ ಊರಿಗೆ ಹೋದಾಗ ಜಗುಲಿಗೆ ಹೊಸ ಟಿವಿ ಬಂದಿತ್ತು. ಗೋಪೂಜೆ ಮುಗಿದು, ಊಟವಾಗಿ, ಕವಳ ಹಾಕಿಕೊಂಡು ಎಲ್ಲರೂ ಕೂತಿದ್ದಾಗ ಆಯಿ ಕಪಾಟಿನಿಂದ ಹಳೆಯದೊಂದು ಪೆನ್‌ಡ್ರೈವ್ ತಂದು ನನ್ನ ಕೈಗಿತ್ತಳು. ಅದರಲ್ಲಿ ಮೂರು ನಿಮಿಷದ ಒಂದು ವಿಡಿಯೊ ಇತ್ತು. 2006ರ ಕೊನೆಕೊಯ್ಲಿನ ಸಮಯದಲ್ಲಿ ಅಕ್ಕ ತನ್ನ ಪುಟ್ಟ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದದ್ದು. ರಾತ್ರಿ ಇದೇ ಜಗುಲಿಯಲ್ಲಿ ಹತ್ತು ಹನ್ನೆರಡು ಮಂದಿ ಅಡಿಕೆ ಸುಲಿಯಲು ಕೂತಿದ್ದಾರೆ. ಮೆಟ್ಟುಗತ್ತಿಯ ಮುಂದೆ ಕೂತ ಅಪ್ಪಯ್ಯ ಸುಲಿಯುವುದನ್ನು ನಿಲ್ಲಿಸಿ, ಕೈ ಎತ್ತಿ, ತಾಳಮದ್ದಳೆಯಲ್ಲಿ ಕರ್ಣನ ಅರ್ಥ ಹೇಗೆ ಹೇಳಬೇಕೆಂದು ತೋರಿಸುತ್ತಿದ್ದಾರೆ. ಅಪ್ಪಯ್ಯ ತೀರಿಕೊಂಡು 13 ವರ್ಷವಾಯಿತು. ಫೋಟೊಗಳು ಬೇಕಾದಷ್ಟಿವೆ. ದನಿ ಉಳಿದಿರುವುದು ಆ ಮೂರು ನಿಮಿಷದಲ್ಲಿ ಮಾತ್ರ.

ಪೆನ್‌ಡ್ರೈವ್ ಚುಚ್ಚಿದೆವು. ಚಿತ್ರ ಬಂತು. ಅಪ್ಪಯ್ಯನ ತುಟಿ ಅಲ್ಲಾಡಿತು, ಕೈ ಮೇಲೆದ್ದಿತು, ಸುತ್ತ ಕೂತವರು ತಲೆಯಾಡಿಸಿದರು. ಸದ್ದು ಮಾತ್ರ ಇಲ್ಲ. ರಿಮೋಟ್ ಒತ್ತಿ ಒತ್ತಿ ವಾಲ್ಯೂಮ್ ತುದಿಗೆ ಹೋಯಿತು. "ತಮಾ, ಮಾತೇ ಕೇಳ್ತಿಲ್ಲೆ, ಚಿತ್ರ ಮಾತ್ರ ಬತ್ತಾ ಇದ್ದು" ಎಂದಳು ಆಯಿ. ಪರದೆಯ ಬುಡದಲ್ಲಿ ಒಂದು ಸಾಲು ಮೂಡಿ ಮಾಯವಾಯಿತು. ಈ ಆಡಿಯೊ ಫಾರ್ಮ್ಯಾಟನ್ನು ಟಿವಿ ಬೆಂಬಲಿಸುವುದಿಲ್ಲ, ಎಂಬುದು ಅದರ ಅರ್ಥ.

ಫೈಲು ಕೆಟ್ಟಿರಲಿಲ್ಲ. ಅದೇ ಪೆನ್‌ಡ್ರೈವನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದರೆ ದನಿ ಇತ್ತು. ಆದರೆ ಆಯಿಗೆ ಬೇಕಾದದ್ದು ಲ್ಯಾಪ್‌ಟಾಪಿನ ಪಿಸುಮಾತಲ್ಲ. ಜಗುಲಿಯಲ್ಲಿ, ಎಲ್ಲರೆದುರು, ಅಪ್ಪಯ್ಯ ಕೂರುತ್ತಿದ್ದ ಕಡೆಯಿಂದಲೇ ಬರುವ ದನಿ. ಆ ರಾತ್ರಿ ಹಿಡಿದ ಕೆಲಸ ಇವತ್ತಿಗೂ ಮುಗಿದಿಲ್ಲ. ಅಟ್ಟದ ಟ್ರಂಕಿನಲ್ಲಿದ್ದ ಸಿಡಿಗಳು, ಅಕ್ಕನ ಮದುವೆಯ ಡಿವಿಡಿ, ಹಳೆ ಮೊಬೈಲಿನಿಂದ ಇಳಿಸಿಟ್ಟಿದ್ದ ತುಣುಕುಗಳು ಒಂದೊಂದಾಗಿ ಕೆಳಗಿಳಿದವು. ಅವನ್ನೆಲ್ಲ ಇವತ್ತಿನ ಟಿವಿ, ಮೊಬೈಲುಗಳಲ್ಲಿ ಕಾಣುವಂತೆ ಮಾಡುತ್ತ ಹೋದಾಗ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಟ್ರಂಕು ಇಲ್ಲದ ಮನೆ ಕರ್ನಾಟಕದಲ್ಲಿ ಕಡಿಮೆ ಎಂದೇ ನನ್ನ ಎಣಿಕೆ.

ಅಪ್ಪಯ್ಯನ ವಿಡಿಯೊದ ಹೆಸರಿನ ಬಾಲದಲ್ಲಿ ಎವಿಐ ಎಂದಿತ್ತು. ಮೈಕ್ರೊಸಾಫ್ಟ್ ಕಂಪನಿ 1992ರಲ್ಲಿ ತಂದ ಎವಿಐ ಒಂದು ಡಬ್ಬಿ, ಅಷ್ಟೆ. ನಮ್ಮ ಅಡುಗೆಮನೆಯಲ್ಲಿ ಬಿಸ್ಕತ್ತಿನ ಹಳೆ ಡಬ್ಬಿಗಳ ಸಾಲೊಂದಿದೆ. ಒಂದರಲ್ಲಿ ಉದ್ದಿನಬೇಳೆ, ಇನ್ನೊಂದರಲ್ಲಿ ಅವಲಕ್ಕಿ, ಮತ್ತೊಂದರಲ್ಲಿ ಒಣಮೆಣಸು. ಹೊರಗಿನ ಚಿತ್ರ ನೋಡಿ ಒಳಗೇನಿದೆಯೆಂದು ಹೇಳಲಾಗದು. ವಿಡಿಯೊ ಫೈಲೂ ಹಾಗೆಯೇ. ಎವಿಐ, ಎಂಪಿ4, ಎಂಕೆವಿ, ಎಂಒವಿ ಎಂಬವು ಡಬ್ಬಿಗಳು. ಒಳಗೆ ಚಿತ್ರವನ್ನು ಒಂದು ಬಗೆಯಲ್ಲಿ, ಧ್ವನಿಯನ್ನು ಇನ್ನೊಂದು ಬಗೆಯಲ್ಲಿ ಒತ್ತಿ ಮಡಚಿ ಇಟ್ಟಿರುತ್ತಾರೆ. ಹಾಗೆ ಮಡಚಿ, ಬೇಕಾದಾಗ ಬಿಡಿಸುವ ವಿಧಾನಕ್ಕೆ ಕೊಡೆಕ್ ಎಂದು ಹೆಸರು. ಅಕ್ಕನ ಕ್ಯಾಮೆರಾ ಪ್ರತಿ ಚೌಕಟ್ಟನ್ನೂ ಬಿಡಿ ಫೋಟೊದಂತೆ ಜೆಪೆಗ್ ಮಾಡಿ ಸಾಲಾಗಿ ಪೋಣಿಸಿತ್ತು. ಧ್ವನಿಯನ್ನು ಒತ್ತದೆ, ಹಸಿಹಸಿಯಾಗಿ, ಕಡಿಮೆ ಗುಣಮಟ್ಟದಲ್ಲಿ ಪಕ್ಕಕ್ಕಿಟ್ಟಿತ್ತು. ಆಗಿನ ಪುಟ್ಟ ಕ್ಯಾಮೆರಾಗಳಲ್ಲಿ ಬಹುಪಾಲಿನ ಕ್ರಮ ಅದೇ. ನಮ್ಮ ಹೊಸ ಟಿವಿಗೆ ಆ ಚಿತ್ರದ ಲಿಪಿ ಗೊತ್ತಿತ್ತು. ಧ್ವನಿಯ ಲಿಪಿ ಗೊತ್ತಿರಲಿಲ್ಲ.

ಲಿಪಿ ಎಂದು ಬೇಕೆಂದೇ ಬರೆದೆ. ಸಿಡಿಗಳಿದ್ದ ಟ್ರಂಕಿನ ಪಕ್ಕದಲ್ಲೇ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಗರಿಯ ಕಟ್ಟೊಂದಿದೆ. ತಿಗಳಾರಿ ಲಿಪಿ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಸಂಸ್ಕೃತ ಗ್ರಂಥಗಳನ್ನು ಬರೆಯಲು ಬಳಸುತ್ತಿದ್ದ ಬರವಣಿಗೆ. ಸಾಗರದ ಪಕ್ಕದ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕಟ್ಟುಗಳ ದೊಡ್ಡ ಸಂಗ್ರಹವೇ ಇದೆ. ನಮ್ಮಲ್ಲಿ ನವರಾತ್ರಿಯ ಶಾರದಾ ಪೂಜೆಗೆ ವರ್ಷಕ್ಕೊಮ್ಮೆ ಅದನ್ನು ಕೆಳಗಿಳಿಸಿ, ಕುಂಕುಮ ಹಚ್ಚಿ, ಮತ್ತೆ ಮೇಲಿಡುತ್ತಾರೆ. ಅಕ್ಷರ ಒಂದೂ ಅಳಿಸಿಲ್ಲ. ಆದರೆ ಅಜ್ಜನ ಅಪ್ಪನ ನಂತರ ಅದನ್ನು ಓದಿದವರು ಮನೆಯಲ್ಲಿ ಇಲ್ಲ. ತುಳು-ತಿಗಳಾರಿ ಎಂಬ ಹೆಸರಿನಲ್ಲಿ ಈ ಲಿಪಿಗೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು ತೀರ ಈಚೆಗೆ, 2024ರ ಸೆಪ್ಟೆಂಬರಿನಲ್ಲಿ. ಓಲೆಗರಿ ಓದುವವರಿಲ್ಲದ ಸ್ಥಿತಿಗೆ ಬರಲು ನೂರು ವರ್ಷವಾದರೂ ಹಿಡಿಯಿತು. ವಿಡಿಯೊ ಫೈಲುಗಳಿಗೆ ಹತ್ತು ಹದಿನೈದು ವರ್ಷ ಸಾಕಾಗಿದೆ. ನುಡಿ, ಬರಹ, ಶ್ರೀಲಿಪಿಗಳಲ್ಲಿ ಟೈಪ್ ಮಾಡಿಟ್ಟ ಹಳೆಯ ಕನ್ನಡ ಕಡತಗಳನ್ನು ಯೂನಿಕೋಡಿಗೆ ತಿರುಗಿಸಲು ಹೆಣಗಿದವರಿಗೆ ಈ ಮಾತು ಹೊಸದೇನಲ್ಲ.

ಹೀಗೆ ಓದುಗರನ್ನು ಕಳೆದುಕೊಂಡ ವಿಡಿಯೊ ಲಿಪಿಗಳ ಸಾಲು ಉದ್ದವಿದೆ. ತೊಂಬತ್ತರ ದಶಕದ ಸಿಡಿಗಳಲ್ಲಿ ಇಂಟೆಲ್ ಕಂಪನಿಯ ಇಂಡಿಯೊ ಕೊಡೆಕ್ ಎಲ್ಲೆಲ್ಲೂ ಇತ್ತು. ಅದರಲ್ಲಿ ಭದ್ರತೆಯ ಲೋಪವಿದೆಯೆಂದು ಮೈಕ್ರೊಸಾಫ್ಟ್ 2009ರ ಕೊನೆಗೆ ಹಳೆಯ ವಿಂಡೋಸ್‌ಗಳಲ್ಲಿ ಅದರ ದಾರಿಯನ್ನೇ ಮುಚ್ಚಿತು. ಫ್ರಾನ್ಸಿನ ಜೆರೋಮ್ ರೋಟಾ ಎಂಬವರು ಮೈಕ್ರೊಸಾಫ್ಟಿನದೇ ಕೊಡೆಕ್ ಒಂದನ್ನು ತಿದ್ದಿ 1999ರಲ್ಲಿ ಹರಿಯಬಿಟ್ಟ ಡಿವ್‌ಎಕ್ಸ್, ಇಡೀ ಸಿನಿಮಾವನ್ನು ಒಂದೇ ಸಿಡಿಗೆ ಇಳಿಸಿ ಊರೂರು ಸುತ್ತಿ ಮರೆಯಾಯಿತು. ಆಪಲ್ ಕಂಪನಿ ವಿಂಡೋಸ್‌ನಲ್ಲಿ ಕ್ವಿಕ್‌ಟೈಮನ್ನು 2016ರಲ್ಲಿ ಕೈಬಿಟ್ಟಿತು. ತನ್ನದೇ ಮ್ಯಾಕ್‌ನಲ್ಲಿ 2019ರ ಹೊತ್ತಿಗೆ ಹಳೆಯ ಹಲವು ಕೊಡೆಕ್‌ಗಳಿಗೆ ಬೆಂಬಲ ನಿಲ್ಲಿಸಿತು. ಒಂದು ಕಾಲದಲ್ಲಿ ಜಾಲದ ಬಹುಪಾಲು ವಿಡಿಯೊಗಳು ಓಡುತ್ತಿದ್ದ ಫ್ಲ್ಯಾಶ್‌ನ ಬೆಂಬಲ ಕೊನೆಗೊಂಡದ್ದು 2020ರ ಡಿಸೆಂಬರ್ 31ಕ್ಕೆ. ಇವುಗಳಲ್ಲಿ ಯಾವುದನ್ನೂ ಯಾರೂ ಮನೆಮನೆಗೆ ಬಂದು ತಿಳಿಸಲಿಲ್ಲ. ಹಬ್ಬದ ದಿನ ಟಿವಿ ಮುಂದೆ ಕೂತಾಗಲೇ ಗೊತ್ತಾಗುವುದು.

ನಮ್ಮ ಟ್ರಂಕಿನಲ್ಲಿ ಹೆಚ್ಚಿಗೆ ಇದ್ದದ್ದು ವಿಸಿಡಿಗಳು, ಅಂದರೆ ವಿಡಿಯೊ ಸಿಡಿಗಳು. ಕನ್ನಡನಾಡಿನ ಮದುವೆ, ಉಪನಯನ, ಗೃಹಪ್ರವೇಶ, ಯಕ್ಷಗಾನಗಳ ಹತ್ತಿಪ್ಪತ್ತು ವರ್ಷದ ನೆನಪು ಕೂತಿರುವುದು ಈ ತಟ್ಟೆಗಳ ಮೇಲೆ. ಹಾಗಾಗಿ ಇವುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ವಿಸಿಡಿಯ ನಿಯಮ ಬರೆದದ್ದು 1993ರಲ್ಲಿ. ಒಂದು ತಟ್ಟೆಯಲ್ಲಿ 74 ನಿಮಿಷ. ಇಡೀ ರಾತ್ರಿಯ ಯಕ್ಷಗಾನದ ಆಟವನ್ನು ಅದರಲ್ಲಿ ತುಂಬಲಾಗದೆ ಸ್ಟುಡಿಯೊದವರು ಪ್ರಸಂಗವನ್ನು ಕತ್ತರಿಸಿ ಮೂರು ನಾಲ್ಕು ತಟ್ಟೆಗಳಿಗೆ ಹಂಚುತ್ತಿದ್ದರು. ಚಿತ್ರದ ಅಳತೆ ನಮ್ಮ ಟಿವಿಯ ಪಾಲ್ ಪದ್ಧತಿಯಲ್ಲಿ ಅಡ್ಡ 352 ಚುಕ್ಕಿ, ಉದ್ದ 288 ಚುಕ್ಕಿ. ಗುಣಿಸಿದರೆ ಒಂದು ಲಕ್ಷದ ಮೇಲೆ ಸ್ವಲ್ಪ. ಇವತ್ತಿನ ಪೂರ್ಣ ಎಚ್‌ಡಿ ಪರದೆಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ದೊಡ್ಡ ಟಿವಿಯಲ್ಲಿ ಹಳೆ ಮದುವೆ ಮಸುಕಾಗಿ ಕಾಣುವುದು ಈ ಕಾರಣಕ್ಕೆ. ತಟ್ಟೆ ಹಾಳಾಗಿದೆಯೆಂದು ಗಾಬರಿಯಾಗಬೇಕಿಲ್ಲ.

ಮಸುಕಿಗಿಂತ ನೋವು ಕೊಡುವುದು ಚೌಕಚೌಕವಾಗಿ ಒಡೆಯುವ ಚಿತ್ರ. ಅದರ ಕಾರಣ ತಿಳಿಯಬೇಕಾದರೆ ಒಂದು ಆಟವನ್ನೇ ಕಣ್ಣಮುಂದೆ ತಂದುಕೊಳ್ಳಿ. ರಂಗಸ್ಥಳದ ಹಿಂದಿನ ಪರದೆ ಅಲ್ಲಾಡುವುದಿಲ್ಲ. ಭಾಗವತರು ಕೂತಲ್ಲೇ ಇರುತ್ತಾರೆ. ವೇಷಧಾರಿ ನಿಂತು ಅರ್ಥ ಹೇಳುತ್ತಿರುವಾಗ ಬದಲಾಗುವುದು ಅವನ ಕೈ ಮತ್ತು ಮುಖ ಮಾತ್ರ. ವಿಡಿಯೊ ಒತ್ತುವ ಲೆಕ್ಕಾಚಾರ ಪ್ರತಿ ಚೌಕಟ್ಟನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನ ಚೌಕಟ್ಟಿನಿಂದ ಏನು ಬದಲಾಯಿತೋ ಅಷ್ಟನ್ನು, 16 ಚುಕ್ಕಿ ಅಗಲ 16 ಚುಕ್ಕಿ ಎತ್ತರದ ತುಂಡುಗಳಲ್ಲಿ, ಗುರುತು ಹಾಕಿಕೊಳ್ಳುತ್ತದೆ. ಅರ್ಥಗಾರಿಕೆಯ ಹೊತ್ತಿನಲ್ಲಿ ಹಾಗಾಗಿ ಚಿತ್ರ ಚೆನ್ನಾಗಿರುತ್ತದೆ. ಅದೇ ವೇಷಧಾರಿ ಚಂಡೆಯ ಪೆಟ್ಟಿಗೆ ಗಿರಕಿ ಹೊಡೆಯಲು ಶುರುಮಾಡಿದನೆನ್ನಿ. ಕಿರೀಟ, ಭುಜಕೀರ್ತಿ, ಸೋಗೆ ಎಲ್ಲವೂ ಒಟ್ಟಿಗೆ ಬದಲಾಗುತ್ತವೆ. ವಿಸಿಡಿಯಲ್ಲಿ ಚಿತ್ರಕ್ಕೆ ಸೆಕೆಂಡಿಗೆ 1,150 ಕಿಲೊಬಿಟ್ ಮಾತ್ರ ಮೀಸಲು, ಒಂದು ಬಿಟ್ಟೂ ಹೆಚ್ಚಿಲ್ಲ. ಬರೆಯಬೇಕಾದ್ದು ಜಾಸ್ತಿ, ಜಾಗ ಅಷ್ಟೇ. ಆಗ ತುಂಡುಗಳು ತುಂಡುಗಳಾಗಿಯೇ ಉಳಿದುಬಿಡುತ್ತವೆ. ಆಟದ ಅತ್ಯಂತ ಚೆಂದದ ಕ್ಷಣವೇ ತಟ್ಟೆಯ ಮೇಲೆ ಅತ್ಯಂತ ಕೆಟ್ಟದಾಗಿ ಉಳಿದಿರುತ್ತದೆ.

ಧ್ವನಿಯ ಕತೆ ಬೇರೆ. ವಿಸಿಡಿಯಲ್ಲಿ ಧ್ವನಿಗೆ ಸೆಕೆಂಡಿಗೆ 224 ಕಿಲೊಬಿಟ್ ಕೊಟ್ಟಿದ್ದಾರೆ, ಎರಡು ಚಾನೆಲ್, ಆಡಿಯೊ ಸಿಡಿಯಷ್ಟೇ ಮಾದರಿ ವೇಗ. ಮೈಕು ಚೆನ್ನಾಗಿ ಇಟ್ಟು ದಾಖಲಿಸಿದ ಆಟಗಳಲ್ಲಿ ಭಾಗವತಿಕೆ, ಮದ್ದಳೆ ಇವತ್ತಿಗೂ ಸ್ಪಷ್ಟವಾಗಿ ಕೇಳುತ್ತವೆ. ಯಕ್ಷಗಾನದ ಹೆಸರಾಂತ ವೇಷಧಾರಿಗಳಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು, ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ. ಉತ್ತರ ಕನ್ನಡದ, ಶಿವಮೊಗ್ಗದ, ಉಡುಪಿಯ ಎಷ್ಟೋ ಮನೆಗಳಲ್ಲಿ ಇಂಥವರ ಆಟದ ತಟ್ಟೆಗಳು ಇನ್ನೂ ಇರಬೇಕು. ಚಿಟ್ಟಾಣಿಯವರ ಭಸ್ಮಾಸುರನನ್ನು ರಂಗದ ಮುಂದೆ ಕೂತು ನೋಡದ ಪೀಳಿಗೆ ಈಗ ಕಾಲೇಜಿಗೆ ಹೋಗುತ್ತಿದೆ. ಅವರ ಪಾಲಿಗೆ ಉಳಿಯುವುದು ಈ ತಟ್ಟೆಗಳಿಂದ ಎದ್ದು ಬಂದಷ್ಟೇ. ಇಂಥವನ್ನು ಎಂಪಿ4 ಮಾಡುವಾಗ ಜಾಗ ಉಳಿಸಲೆಂದು ಧ್ವನಿಯನ್ನು ಹಿಂಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ತಟ್ಟೆಯ ಮೈ ಬಗ್ಗೆ ಎರಡು ವಿಷಯ ತಿಳಿದಿರಬೇಕು. ಸಾಮಾನ್ಯ ಡೇಟಾ ಸಿಡಿಯಲ್ಲಿ ಪ್ರತಿ ತುಂಡಿನೊಳಗೂ ತಪ್ಪು ತಿದ್ದಿಕೊಳ್ಳಲು ಒಂದಿಷ್ಟು ಹೆಚ್ಚುವರಿ ಮಾಹಿತಿ ಇರುತ್ತದೆ. ವಿಸಿಡಿಯಲ್ಲಿ ಆ ಜಾಗವನ್ನೂ ವಿಡಿಯೊಗೆ ಕೊಟ್ಟಿದ್ದಾರೆ. ಒಂದು ತುಂಡಿನಲ್ಲಿ 2,048 ಬೈಟಿನ ಬದಲು 2,324 ಬೈಟು. ಹೆಚ್ಚು ನಿಮಿಷ ಹಿಡಿಯಿತು, ಆದರೆ ಗೀರು ಬಿದ್ದರೆ ತಿದ್ದಿಕೊಳ್ಳುವ ಶಕ್ತಿ ಕಡಿಮೆಯಾಯಿತು. ಇನ್ನೊಂದು, ಮನೆಯಲ್ಲಿ ಬರೆಯುವ ಸಿಡಿಯ ಹೊಳೆಯುವ ಪದರ ಇರುವುದು ಹೆಸರು ಬರೆಯುವ ಮೇಲ್ಭಾಗದಲ್ಲಿ, ತೆಳುವಾದ ಅರಗಿನಂಥ ಲೇಪದ ಕೆಳಗೆ. ನಾವೆಲ್ಲ ಕೆಳಗಿನ ಕನ್ನಡಿಮೈಯನ್ನು ಜೋಪಾನ ಮಾಡಿ, ಮೇಲೆ ಬಾಲ್‌ಪೆನ್ನಿನಿಂದ ಒತ್ತಿ "ಮದುವೆ 2" ಎಂದು ಬರೆದವರು. ಪೆಟ್ಟು ಬಿದ್ದದ್ದು ಅಲ್ಲೇ.

ಮಲೆನಾಡಿನಲ್ಲಿ ಇದರ ಮೇಲೆ ಮಳೆಗಾಲ ಬೇರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಟ್ಟದ ಮೇಲಿನ ಚರ್ಮದ ಚೀಲಕ್ಕೆ, ಹಾರ್ಮೋನಿಯಂ ಪೆಟ್ಟಿಗೆಗೆ ಬೂಷ್ಟು ಹಿಡಿಯುವುದು ಎಲ್ಲರಿಗೂ ಗೊತ್ತು; ತಟ್ಟೆಗೂ ಹಿಡಿಯುತ್ತದೆ ಎಂಬುದನ್ನು ನಾನು ನೋಡುವವರೆಗೆ ನಂಬಿರಲಿಲ್ಲ. ಮಧ್ಯ ಅಮೆರಿಕದ ಬೆಲೀಜ್ ದೇಶದ ಸೆಕೆಯಲ್ಲಿ ಇಟ್ಟ ಸಿಡಿಯ ಒಳಪದರವನ್ನೇ ಶಿಲೀಂಧ್ರ ತಿಂದದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು. ನಮ್ಮ ಟ್ರಂಕಿನ ಮೂರು ತಟ್ಟೆಗಳ ಅಂಚಿನಲ್ಲಿ ಹೊಳಪು ಹೋಗಿ, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು. ಒಂದರಲ್ಲಿದ್ದ ಚಿಕ್ಕಪ್ಪನ ಉಪನಯನದ ಕೊನೆಯ ಹನ್ನೊಂದು ನಿಮಿಷ ಬರಲೇ ಇಲ್ಲ. ಸಿಡಿ ಬರೆಯುವಾಗ ಒಳಗಿನಿಂದ ಹೊರಕ್ಕೆ ಬರೆಯುತ್ತಾರೆ, ಹಾಗಾಗಿ ಅಂಚು ಹೋದರೆ ಹೋಗುವುದು ಕೊನೆಯ ಭಾಗ. ಭಿಕ್ಷೆಯ ದೃಶ್ಯ ಅಲ್ಲಿತ್ತು, ಭಿಕ್ಷೆ ಹಾಕಲು ಬಂದ ಹೆಂಗಸರಲ್ಲಿ ಈಗ ಇರುವವರು ಇಬ್ಬರೇ.

ಆದ್ದರಿಂದ ಮೊದಲ ಕೆಲಸ ಪರಿವರ್ತನೆ ಅಲ್ಲ, ನಕಲು. ತಟ್ಟೆಯಲ್ಲಿದ್ದದ್ದನ್ನು ಇದ್ದ ಹಾಗೆಯೇ ಹಾರ್ಡ್‌ಡಿಸ್ಕಿಗೆ ಇಳಿಸಿಕೊಳ್ಳಬೇಕು. ವಿಸಿಡಿಯಲ್ಲಿ ಎಂಪೆಗ್‌ಎವಿ ಎಂಬ ಫೋಲ್ಡರಿನೊಳಗೆ ಡಿಎಟಿ ಬಾಲದ ಫೈಲಿರುತ್ತದೆ, ಡಿವಿಡಿಯಲ್ಲಿ ವಿಡಿಯೊ ಟಿಎಸ್ ಎಂಬ ಫೋಲ್ಡರಿನೊಳಗೆ ವಿಒಬಿ ಬಾಲದ ಹಲವು ಫೈಲುಗಳು, ಒಂದೊಂದೂ ಹೆಚ್ಚೆಂದರೆ ಒಂದು ಜಿಬಿ. ಕಂಪ್ಯೂಟರು ಮಧ್ಯದಲ್ಲಿ ನಿಂತು ದೋಷ ತೋರಿಸಿದರೆ ಬೇರೊಂದು ಡ್ರೈವಿನಲ್ಲಿ ಹಾಕಿ ನೋಡಬೇಕು. ಒಂದು ಡ್ರೈವಿನ ಕಣ್ಣಿಗೆ ಕಾಣದ್ದು ಇನ್ನೊಂದಕ್ಕೆ ಕಾಣುವುದು ನನಗೆ ಹಲವು ಸಲ ಅನುಭವವಾಗಿದೆ.

ಟೇಪು ಇರುವವರದು ಇನ್ನೂ ಅವಸರದ ಕೆಲಸ. ವಿಎಚ್‌ಎಸ್ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಕಾಂತಪಟ್ಟಿಯ ಮೇಲಿರುವುದನ್ನೆಲ್ಲ ಬೇಗ ಇಳಿಸಿಕೊಳ್ಳಿ ಎಂದು ಯುನೆಸ್ಕೊ 2019ರಲ್ಲೇ ಎಚ್ಚರಿಸಿತ್ತು. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಮಾತ್ರ ನೇರವಾಗಿ ಯಂತ್ರಕ್ಕೆ ಹಾಕಬಾರದು; ಟೇಪೂ ಹರಿಯುತ್ತದೆ, ಯಂತ್ರದ ಹೆಡ್ಡೂ ಹಾಳಾಗುತ್ತದೆ.

ಇನ್ನು ಯಾವ ಫಾರ್ಮ್ಯಾಟಿಗೆ ತಿರುಗಿಸಬೇಕು? ಇವತ್ತಿನ ಮಟ್ಟಿಗೆ ಒಂದೇ ಉತ್ತರ. ಎಂಪಿ4 ಡಬ್ಬಿ, ಒಳಗೆ ಚಿತ್ರಕ್ಕೆ ಎಚ್.264, ಧ್ವನಿಗೆ ಎಎಸಿ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ತಜ್ಞರೂ ಎಂಪೆಗ್ ಗುಂಪಿನವರೂ ಒಟ್ಟಾಗಿ ರೂಪಿಸಿದ ಎಚ್.264 ಹೊರಬಂದದ್ದು 2003ರಲ್ಲಿ. ಬ್ಲೂರೇ ತಟ್ಟೆ ಅದನ್ನು ಒಪ್ಪಿಕೊಂಡಿತು, 2007ರ ಮೊದಲ ಐಫೋನ್ ಒಪ್ಪಿಕೊಂಡಿತು, ಆ ಫೋನಿಗಾಗಿ ಯೂಟ್ಯೂಬ್ ತನ್ನ ವಿಡಿಯೊಗಳನ್ನು ಅದಕ್ಕೆ ತಿರುಗಿಸತೊಡಗಿತು. ಮುಖ್ಯ ಕಾರಣ ಮಾತ್ರ ಚಿಪ್ಪಿನೊಳಗಿದೆ. ಟಿವಿ, ಮೊಬೈಲು, ಸೆಟ್‌ಟಾಪ್ ಬಾಕ್ಸುಗಳಲ್ಲಿ ಎಚ್.264 ಬಿಡಿಸುವ ವ್ಯವಸ್ಥೆಯನ್ನು ಸಿಲಿಕಾನಿನಲ್ಲೇ ಕೆತ್ತಿರುತ್ತಾರೆ. ಸಾಫ್ಟ್‌ವೇರನ್ನು ಒಂದು ಅಪ್‌ಡೇಟಿನಲ್ಲಿ ಕಿತ್ತುಹಾಕಬಹುದು. ಮನೆಮನೆಯಲ್ಲಿ ಕೂತಿರುವ ಕೋಟಿಗಟ್ಟಲೆ ಚಿಪ್ಪುಗಳನ್ನು ಯಾರೂ ಒಂದೇ ದಿನ ಬದಲಿಸಲಾರರು.

2013ರ ಎಚ್.265 ಅದೇ ಗುಣಮಟ್ಟವನ್ನು ಹೆಚ್ಚುಕಡಿಮೆ ಅರ್ಧ ಗಾತ್ರದಲ್ಲಿ ಕೊಡುತ್ತದೆ, ನಿಜ. 2018ರ ಎವಿ1 ಇನ್ನೂ ಮುಂದೆ ಹೋಗಿದೆ. ಆದರೆ ಅತ್ತೆಯ ಮನೆಯ ಹಳೆ ಟಿವಿಗೆ ಎರಡೂ ಗೊತ್ತಿಲ್ಲ. ಹಂಚುವ ಪ್ರತಿ ಎಂದ ಮೇಲೆ ತೀರ ಹಳೆಯ ಟಿವಿ ಇರುವವರನ್ನು ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಕೆಲಸಕ್ಕೆ ಬೇಕಾದ ಸಲಕರಣೆಗಳಿಗೆ ಒಂದು ಪೈಸೆಯೂ ಬೇಡ. ಪ್ಯಾರಿಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ವಿಎಲ್‌ಸಿ, ಸತ್ತವೆಂದುಕೊಂಡ ಹೆಚ್ಚಿನ ಫೈಲುಗಳನ್ನು ಓದುತ್ತದೆ. ಒಳಗೆ ಯಾವ ಕೊಡೆಕ್ ಇದೆ ಎಂದೂ ಅದು ಹೇಳುತ್ತದೆ. ಫಾಬ್ರಿಸ್ ಬೆಲಾರ್ ಎಂಬ ಫ್ರೆಂಚ್ ಪ್ರೋಗ್ರಾಮರ್ 2000ದಲ್ಲಿ ಆರಂಭಿಸಿದ ಎಫ್‌ಎಫ್‌ಎಂಪೆಗ್ ಇಂಥ ಸಾಫ್ಟ್‌ವೇರುಗಳಲ್ಲಿ ಬಹುಪಾಲಿನ ಬೆನ್ನೆಲುಬು. ಅದರಲ್ಲಿ ಆದೇಶಗಳನ್ನು ಟೈಪ್ ಮಾಡಬೇಕು. ಗುಂಡಿ ಒತ್ತಿ ಮಾಡುವವರಿಗೆ ಹ್ಯಾಂಡ್‌ಬ್ರೇಕ್ ಇದೆ. ಇವನ್ನೆಲ್ಲ ಲೋಕದ ಬೇರೆಬೇರೆ ಮೂಲೆಗಳಲ್ಲಿ ಕೂತವರು, ಬಹಳಷ್ಟು ಮಂದಿ ಸಂಬಳವಿಲ್ಲದೆ, ವರ್ಷಗಟ್ಟಲೆ ತಿದ್ದಿ ಬೆಳೆಸಿದ್ದಾರೆ. ಯಾರೂ ಬಳಸದ ಹಳೆಯ ಕೊಡೆಕ್ ಒಂದನ್ನು ಬಿಡಿಸುವ ಸಾಲುಗಳನ್ನು ಅಲ್ಲಿ ಯಾರೋ ಬರೆದಿಟ್ಟದ್ದರಿಂದಲೇ ನನ್ನ ಲ್ಯಾಪ್‌ಟಾಪಿನಲ್ಲಿ ನಮ್ಮ ಮನೆಯ ಎಲ್ಲ ಫೈಲುಗಳೂ ತೆರೆದುಕೊಂಡವು. ಅವರಿಗೆ ನಾನು ಋಣಿ.

ತಪ್ಪುಗಳಿಂದ ಕಲಿತದ್ದೂ ಇದೆ. ಅಕ್ಕನ ಮದುವೆಯ ಡಿವಿಡಿಯನ್ನು ಕೆಲವು ವರ್ಷದ ಹಿಂದೆ ಒಂದು ಸ್ಟುಡಿಯೊದಲ್ಲಿ ದುಡ್ಡು ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿದ್ದೆವು. ನೋಡಿದರೆ ಎಲ್ಲರೂ ಅಗಲಕ್ಕೆ ಹಿಗ್ಗಿದ್ದರು, ಮದುಮಗಳ ಮುಖ ಕುಂಬಳಕಾಯಿಯಂತಿತ್ತು. ಹಳೆಯ ಟಿವಿಯ ಪರದೆ ನಾಲ್ಕಕ್ಕೆ ಮೂರು, ಈಗಿನದು ಹದಿನಾರಕ್ಕೆ ಒಂಬತ್ತು. ಪರದೆ ತುಂಬಲಿ ಎಂದು ಎಳೆದುಬಿಟ್ಟಿದ್ದರು. ಇಂಥ ಪ್ರತಿಗಳು ಎಷ್ಟು ಮನೆಗಳಲ್ಲಿವೆಯೋ. ಡಿವಿಡಿಯ ಪಾಲ್ ಚಿತ್ರ 720ಕ್ಕೆ 576 ಚುಕ್ಕಿಗಳದ್ದು, ಆ ಚುಕ್ಕಿಗಳು ಚೌಕವಲ್ಲ. ನಾಲ್ಕಕ್ಕೆ ಮೂರಾಗಿ ತೋರಿಸಿದಾಗ ಮಾತ್ರ ಮನುಷ್ಯರು ಮನುಷ್ಯರಂತೆ ಕಾಣುತ್ತಾರೆ. ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ.

ಎರಡನೆಯ ತಪ್ಪು ನನ್ನದೇ. ನಮ್ಮ ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚೌಕಟ್ಟನ್ನು ಎರಡು ಅರ್ಧಗಳಾಗಿ ತೋರಿಸುತ್ತಿದ್ದರು. ಮೊದಲು ಒಂದು ಬಿಟ್ಟು ಒಂದು ಗೆರೆ, ಸೆಕೆಂಡಿನ ಐವತ್ತನೆಯ ಒಂದು ಭಾಗದ ನಂತರ ಉಳಿದ ಗೆರೆಗಳು. ಹೊಸ ಪರದೆ ಎರಡನ್ನೂ ಒಟ್ಟಿಗೆ ತೋರಿಸುತ್ತದೆ. ಆ ನಡುವೆ ಕೈ ಬೀಸಿದ್ದರೆ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲು ಮೂಡುತ್ತದೆ. ಇದನ್ನು ಸರಿಪಡಿಸದೆಯೇ ನಾನು ಎರಡು ರಾತ್ರಿ ಕೂತು ಆರು ಡಿವಿಡಿ ತಿರುಗಿಸಿಬಿಟ್ಟಿದ್ದೆ. ಒಮ್ಮೆ ಹೊಸ ಫೈಲಿನಲ್ಲಿ ಆ ಹಲ್ಲು ಕೂತರೆ ಆಮೇಲೆ ಬಿಡಿಸುವುದು ಬಹಳ ಕಷ್ಟ. ಮೂಲ ಫೈಲು ಇತ್ತಾದ್ದರಿಂದ ಮತ್ತೆ ಮೊದಲಿಂದ ಮಾಡಿದೆ. ಹ್ಯಾಂಡ್‌ಬ್ರೇಕಿನಲ್ಲಿ ಡೀಇಂಟರ್‌ಲೇಸ್ ಎಂಬ ಆಯ್ಕೆ ಇರುವುದು ಇದಕ್ಕೆ. ಕುಣಿತ ಇರುವ ಆಟಗಳಿಗೆ ಅದರೊಳಗಿನ ಬಾಬ್ ಎಂಬುದನ್ನು ಆರಿಸಿಕೊಂಡರೆ ಎರಡೂ ಅರ್ಧಗಳು ಎರಡು ಪೂರ್ತಿ ಚೌಕಟ್ಟುಗಳಾಗಿ ಸೆಕೆಂಡಿಗೆ 50 ಆಗುತ್ತವೆ, ಗಿರಕಿಯ ಓಟ ಉಳಿಯುತ್ತದೆ. ಡಿವಿಡಿಗೆ, ಟೇಪಿನಿಂದ ಇಳಿಸಿದ್ದಕ್ಕೆ ಇದು ಬೇಕು. ವಿಸಿಡಿಗೆ ಬೇಡ, ಅದರಲ್ಲಿ ಚೌಕಟ್ಟು ಮೊದಲೇ ಇಡಿಯಾಗಿದೆ.

ಗುಣಮಟ್ಟದ ಮಾತು. ಹ್ಯಾಂಡ್‌ಬ್ರೇಕಿನಲ್ಲಿ ಒಂದು ಅಂಕಿ ಕೊಡಬೇಕು, ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದೊಡ್ಡದು. ನಾನು 18ರಿಂದ 20ರೊಳಗೆ ಇಟ್ಟುಕೊಂಡೆ. ವಿಸಿಡಿಯ ಒಂದು ಗಂಟೆ ಸುಮಾರು 600 ಎಂಬಿ ಇರುತ್ತದೆ. ಹೊಸ ಫೈಲು ಅದಕ್ಕಿಂತ ಚಿಕ್ಕದಾಗಬೇಕೆಂಬ ಆಸೆ ಬಿಟ್ಟುಬಿಡಿ. ಹಳೆಯ ಚಿತ್ರದ ಒಡಕು ಚೌಕ, ಮರಳುಮರಳು ಎಲ್ಲವನ್ನೂ ಹೊಸ ಕೊಡೆಕ್ ಶ್ರದ್ಧೆಯಿಂದ ಬರೆದುಕೊಳ್ಳಬೇಕಲ್ಲ. ಒಮ್ಮೆ ಒತ್ತಿದ್ದನ್ನು ಬಿಡಿಸಿ ಮತ್ತೊಮ್ಮೆ ಒತ್ತಿದಾಗಲೆಲ್ಲ ಒಂದಿಷ್ಟು ಕಳೆದುಹೋಗುತ್ತದೆ. ಅದಕ್ಕಾಗಿ ಪರಿವರ್ತನೆ ಯಾವಾಗಲೂ ಮೂಲದಿಂದಲೇ ನಡೆಯಬೇಕು, ಪ್ರತಿಯ ಪ್ರತಿಯಿಂದಲ್ಲ. ಮೂಲ ಫೈಲನ್ನು ಅಳಿಸಲೂ ಬಾರದು. ಎಂಪಿ4 ನೋಡುವುದಕ್ಕೆ, ಮೂಲ ಇಡುವುದಕ್ಕೆ. ಮುಂದೆ ಎಚ್.264 ಕೂಡ ಹಳತಾದ ದಿನ ನಮ್ಮ ಮಕ್ಕಳು ತಿರುಗಿ ಬರಬೇಕಾದದ್ದು ಆ ಮೂಲಕ್ಕೇ.

ಕೆಲವು ಫೈಲುಗಳಿಗೆ ಈ ತಾಪತ್ರಯವೇ ಇಲ್ಲ. 2006ರ ನಂತರ ಬಂದ ಎವಿಸಿಎಚ್‌ಡಿ ಕ್ಯಾಮೆರಾಗಳ ಎಂಟಿಎಸ್ ಫೈಲುಗಳ ಒಳಗಿರುವುದು ಎಚ್.264 ಚಿತ್ರವೇ. ಟಿವಿಗೆ ಗೊತ್ತಿಲ್ಲದ್ದು ಡಬ್ಬಿ ಮಾತ್ರ. ಎಫ್‌ಎಫ್‌ಎಂಪೆಗ್‌ಗೆ ಒಳಗಿನದನ್ನು ಮುಟ್ಟದೆ ಡಬ್ಬಿ ಬದಲಿಸು ಎಂದು ಹೇಳಿದರೆ ಒಂದು ಗಂಟೆಯ ವಿಡಿಯೊ ಕೆಲವೇ ನಿಮಿಷಗಳಲ್ಲಿ ಎಂಪಿ4 ಆಗುತ್ತದೆ, ಚಿತ್ರದಲ್ಲಿ ಕೂದಲೆಳೆಯಷ್ಟೂ ನಷ್ಟವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಎಲ್ಲಕ್ಕಿಂತ ಚಿಕ್ಕ ಫೈಲು. 2008ರಲ್ಲಿ ಒಂದು ಬಟನ್ ಮೊಬೈಲಿನಲ್ಲಿ ತೆಗೆದ 3ಜಿಪಿ, 47 ಸೆಕೆಂಡು. ಅಜ್ಜಿ ಹಸೆಗೆ ಕರೆಯುವ ಹಾಡು ಹೇಳುತ್ತಿದ್ದಾಳೆ. ಚಿತ್ರ 176ಕ್ಕೆ 144 ಚುಕ್ಕಿ, ಅಂಗೈಯಲ್ಲಿ ಹಿಡಿಸುವಷ್ಟು. ಧ್ವನಿ ಎಎಂಆರ್, ಅಂದರೆ ಫೋನಿನ ಮಾತುಕತೆಗೆಂದೇ ರೂಪಿಸಿದ ಕೊಡೆಕ್. ಸೆಕೆಂಡಿಗೆ ಹೆಚ್ಚೆಂದರೆ 12.2 ಕಿಲೊಬಿಟ್. ಅದು ಮನುಷ್ಯನ ಮಾತನ್ನು ನಿರೀಕ್ಷಿಸುತ್ತದೆ, ರಾಗವನ್ನಲ್ಲ. ಎಳೆದ ಸ್ವರ ಬಂದಾಗ ಗಂಟಲಲ್ಲಿ ನೀರಿದ್ದಂತೆ ಗುಳುಗುಳು ಎನ್ನುತ್ತದೆ. ಕೃತಕ ಬುದ್ಧಿಮತ್ತೆಯಿಂದ ಇಂಥ ವಿಡಿಯೊ ದೊಡ್ಡದು ಮಾಡಿಕೊಡುವ ಆ್ಯಪ್ ಒಂದಕ್ಕೆ ಅಣ್ಣನ ಮಗ ಇದನ್ನು ಹಾಕಿದ. ಹೊರಬಂದ ಚಿತ್ರ ಕಣ್ಣು ಕುಕ್ಕುವಷ್ಟು ಸ್ಪಷ್ಟವಾಗಿತ್ತು. ಮೂಗುತಿ ಹೊಳೆಯುತ್ತಿತ್ತು, ಹಲ್ಲು ಸಾಲಾಗಿತ್ತು. ಆಯಿ ಹತ್ತು ಸೆಕೆಂಡು ನೋಡಿ, ಇದು ಬೇರೆ ಯಾರೋ ಎಂದಳು. ಅವಳು ಹೇಳಿದ್ದೇ ಸರಿ. ಕಾಣದ ಕಡೆ ಏನಿರಬಹುದೆಂದು ಊಹಿಸಿ ತುಂಬುವ ಯಂತ್ರಕ್ಕೆ ನಮ್ಮ ಅಜ್ಜಿಗೆ ಮುಂದಿನ ಎರಡು ಹಲ್ಲು ಇರಲಿಲ್ಲವೆಂದು ಹೇಗೆ ಗೊತ್ತಾಗಬೇಕು? ಆ ಪ್ರತಿಯನ್ನು ಅಳಿಸಿದೆವು. ಇದ್ದ ಅಳತೆಯಲ್ಲೇ, ಇದ್ದ ಮಸುಕಿನಲ್ಲೇ ಎಂಪಿ4 ಮಾಡಿದೆ.

ಇನ್ನೆರಡು ಮಾತು ಅವಸರದಲ್ಲಿ ಹೇಳಿಬಿಡುತ್ತೇನೆ. ಯಾವುದೋ ಜಾಲತಾಣಕ್ಕೆ ಮನೆಯ ವಿಡಿಯೊ ಏರಿಸಿ ತಿರುಗಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿ ಮಕ್ಕಳಿದ್ದಾರೆ, ಹೆಂಗಸರಿದ್ದಾರೆ, ಆ ಪ್ರತಿ ಅಲ್ಲಿ ಎಷ್ಟು ದಿನ ಉಳಿಯುತ್ತದೋ ನಮ್ಮ ಕೈಯಲ್ಲಿಲ್ಲ. ಕಷ್ಟಪಟ್ಟು ಮಾಡಿದ ಎಂಪಿ4ನ್ನು ವಾಟ್ಸ್‌ಆ್ಯಪಿನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೊಮ್ಮೆ ಹಿಂಡುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಇದ್ದ ಹಾಗೆ ಹೋಗುತ್ತದೆ. ಅಮೆರಿಕದಲ್ಲಿರುವ ಅಕ್ಕನಿಗೆ ಮದುವೆಯನ್ನು ಹಾಗೆಯೇ ತುಂಡುತುಂಡಾಗಿ ಕಳಿಸಿದೆ. ಮೂಲ ಫೈಲುಗಳು ಎರಡು ಹಾರ್ಡ್‌ಡಿಸ್ಕಿನಲ್ಲಿವೆ, ಒಂದು ಊರಿನಲ್ಲಿ, ಒಂದು ಬೆಂಗಳೂರಿನಲ್ಲಿ.

ಅಪ್ಪಯ್ಯನ ವಿಡಿಯೊ ಸಿದ್ಧವಾದದ್ದು ಗೋಪೂಜೆಯಾದ ಮೂರನೆಯ ದಿನ ಸಂಜೆ. ಕೆಲಸ ಹತ್ತು ನಿಮಿಷದ್ದು, ಕಲಿಯಲು ಎರಡು ದಿನ ಹಿಡಿದಿತ್ತು. ಮತ್ತೆ ಅದೇ ಟಿವಿ, ಅದೇ ಪೆನ್‌ಡ್ರೈವ್. ಈ ಸಲ ಮೊದಲು ಕೇಳಿದ್ದು ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಆಮೇಲೆ ಯಾರೋ ಕೆಮ್ಮಿದ್ದು, ಆಮೇಲೆ ಅಪ್ಪಯ್ಯ. ಕರ್ಣನ ಅರ್ಥ ಒಂದೂವರೆ ನಿಮಿಷ ನಡೆಯುತ್ತದೆ. ನಡುವೆ ನಿಲ್ಲಿಸಿ, ಒಳಗಿನ ಬಾಗಿಲ ಕಡೆ ತಿರುಗಿ "ಚಾ ಆತನೇ?" ಎಂದು ಕೇಳುತ್ತಾರೆ. ಒಳಗಿನಿಂದ ಹೆಂಗಸೊಬ್ಬಳ ಗಟ್ಟಿ ದನಿ ಬರುತ್ತದೆ, "ಆತು, ಬಂದಿ." ಲ್ಯಾಪ್‌ಟಾಪಿನಲ್ಲಿ ನಾನು ಅದನ್ನು ಗಮನಿಸಿರಲೇ ಇಲ್ಲ.

ಆಯಿ ಟಿವಿಯಿಂದ ಕಣ್ಣು ತೆಗೆಯದೆ, "ಅದು ಯನ್ನ ದನಿ ಅಲ್ದನಾ?" ಎಂದಳು.

ಅದನ್ನು ಐದು ಸಲ ಹಾಕಿದೆವು. ಆರನೆಯ ಸಲ ಆಯಿ ಅಲ್ಲಲ್ಲಿ ನಿಲ್ಲಿಸಲು ಹೇಳಿ, ಅಡಿಕೆ ಸುಲಿಯುತ್ತಿದ್ದವರ ಹೆಸರು ಎಡಗಡೆಯಿಂದ ಒಂದೊಂದಾಗಿ ಹೇಳುತ್ತ ಹೋದಳು. ನಾನು ಬರೆದುಕೊಂಡೆ. ಆ ಪಟ್ಟಿ ಈಗ ಎಂಪಿ4ರ ಪಕ್ಕದಲ್ಲಿ, ಅದೇ ಫೋಲ್ಡರಿನಲ್ಲಿ, ಯೂನಿಕೋಡ್ ಕನ್ನಡದಲ್ಲಿದೆ. ಹನ್ನೊಂದು ಹೆಸರು ಸಿಕ್ಕಿವೆ. ಕಂಬಕ್ಕೆ ಒರಗಿ ಕೂತ, ನೀಲಿ ಅಂಗಿಯ ಹುಡುಗ ಯಾರೆಂದು ಅವಳಿಗೂ ನೆನಪಾಗಲಿಲ್ಲ. ಪಕ್ಕದ ಮನೆಯ ಅತ್ತೆಯನ್ನು ಬೆಳಿಗ್ಗೆ ಕರೆದು ತೋರಿಸೋಣ ಎಂದಳು.